ಟರ್ಬೊ ಇಲ್ಲದ ಹಳೆ ಪೆಟ್ರೋಲ್ ಎಂಜಿನ್‌ನ ಪವರ್ ಹೆಚ್ಚಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಟೀಮ್, ಝೆನ್, ಜಿಪ್ಸಿ, ಹಳೆ ಹೋಂಡಾ ಸಿಟಿ ಇಟ್ಟುಕೊಂಡವರು ಸಿಕ್ಕಾಗ, ಫೋನ್ ಮಾಡಿದಾಗ, ಪತ್ರ ಬರೆದಾಗ ಕೇಳುವುದು ಹೆಚ್ಚೂಕಡಿಮೆ ಇವೇ ಪ್ರಶ್ನೆಗಳು. ಲೆಕ್ಕ ಹೇಳುವಾಗ ಮಾರುತಿಯ 1.3 ಲೀಟರ್, 16 ವಾಲ್ವ್ ಎಂಜಿನ್ನನ್ನೇ ಉದಾಹರಣೆಗೆ ಹಿಡಿದಿದ್ದೇನೆ. ಎಸ್ಟೀಮ್‌ನಲ್ಲೂ ಜಿಪ್ಸಿಯಲ್ಲೂ ಇದ್ದದ್ದು ಅದು. ಸ್ಪೇರ್ ಪಾರ್ಟ್ ಇವತ್ತಿಗೂ ಸಿಗುತ್ತದೆ, ಅದನ್ನು ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್‌ಗಳು ಊರೂರಲ್ಲಿ ಇದ್ದಾರೆ. ಬೇರೆ ಗಾಡಿಯವರಿಗೂ ತತ್ವ ಅದೇ, ಅಂಕಿ ಮಾತ್ರ ಬೇರೆ.

## ಶುರು ಮಾಡುವ ಮೊದಲು

ಎನ್‌ಎ ಎಂಜಿನ್ ಅಂದ್ರೆ ಏನು? ಅದರಲ್ಲಿ ಪವರ್ ಹೆಚ್ಚಿಸೋದು ಕಷ್ಟ ಅಂತಾರಲ್ಲ, ಯಾಕೆ?

ಟರ್ಬೊ, ಸೂಪರ್‌ಚಾರ್ಜರ್ ಯಾವುದೂ ಇಲ್ಲದೆ, ಹೊರಗಿನ ಗಾಳಿಯ ಒತ್ತಡದಲ್ಲೇ ಉಸಿರಾಡುವ ಎಂಜಿನ್ ಅದು, ಪೂರ್ತಿ ಹೆಸರು ನ್ಯಾಚುರಲಿ ಆಸ್ಪಿರೇಟೆಡ್. ಪಿಸ್ಟನ್ ಕೆಳಗಿಳಿಯುತ್ತದೆ, ಸಿಲಿಂಡರ್ ಒಳಗೆ ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಅಷ್ಟೇ.

ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು. ಅದನ್ನು ಸುಡುವಷ್ಟು ಗಾಳಿ ಸಿಗಬೇಕಲ್ಲ, ಮಿತಿ ಇರುವುದು ಅಲ್ಲಿ. 1298 ಸಿಸಿ ಎಂಜಿನ್ 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ನಿಮಿಷಕ್ಕೆ ಹೆಚ್ಚೆಂದರೆ ಸುಮಾರು 3,900 ಲೀಟರ್ ಗಾಳಿ ಎಳೆಯಬಲ್ಲದು. ಫಿಲ್ಟರ್, ಥ್ರಾಟಲ್, ಪೋರ್ಟ್, ವಾಲ್ವ್ ಎಲ್ಲವೂ ಅಡ್ಡ ಇರುವುದರಿಂದ ನಿಜವಾಗಿ ಒಳಗೆ ಹೋಗುವುದು ಅದಕ್ಕಿಂತ ಕಡಿಮೆ. ಟರ್ಬೊ ಇದ್ದರೆ ಬೂಸ್ಟ್ ಸ್ವಲ್ಪ ಏರಿಸಿ ಜಾಸ್ತಿ ಗಾಳಿ ತುಂಬಬಹುದು. ಎನ್‌ಎಯಲ್ಲಿ ಆ ದಾರಿ ಇಲ್ಲ. ಅಡ್ಡಗಳನ್ನು ಒಂದೊಂದಾಗಿ ತೆಗೆಯಬೇಕು, ಒಂದೊಂದರಿಂದ ಸಿಗುವುದು ಎರಡೋ ಮೂರೋ ಬಿಎಚ್‌ಪಿ. ಅದಕ್ಕೇ ಕಷ್ಟ. ಆದರೆ ಕಾಲು ಒತ್ತಿದ ಕ್ಷಣಕ್ಕೆ ಉತ್ತರ ಕೊಡುವ ಎಂಜಿನ್ ಬೇಕೆನ್ನುವವರಿಗೆ ಈ ಕಷ್ಟ ಪಡಲು ಯೋಗ್ಯ.

ನನ್ನ ಎಸ್ಟೀಮ್ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್‌ನದು) 85 ಬಿಎಚ್‌ಪಿ ಅಂತ ಇದೆ. ಅದನ್ನ 120 ಮಾಡಬಹುದಾ?

ರಸ್ತೆಯಲ್ಲಿ ದಿನಾ ಓಡಿಸುವ ಗಾಡಿಯಲ್ಲಿ ಆಗುವುದಿಲ್ಲ. ಯಾಕೆ ಅಂತ ಲೆಕ್ಕ ಮಾಡಿ ನೋಡಿ. ಬಿಎಚ್‌ಪಿ ಅಂದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7121ರಿಂದ ಭಾಗಿಸಿದ್ದು, ಟಾರ್ಕ್ ಅಂದರೆ ಎಂಜಿನ್ ತಿರುಗಿಸುವ ಬಲ, ನ್ಯೂಟನ್ ಮೀಟರ್‌ನಲ್ಲಿ (ಎನ್‌ಎಂ). 6000 ಆರ್‌ಪಿಎಂನಲ್ಲಿ 85 ಬಿಎಚ್‌ಪಿ ಅಂದರೆ ಅಲ್ಲಿ ಟಾರ್ಕ್ ಸುಮಾರು 101 ಎನ್‌ಎಂ. ಲೀಟರ್‌ಗೆ 78 ಎನ್‌ಎಂ ಆಯಿತು. ನಾಲ್ಕು ವಾಲ್ವ್‌ನ ಒಳ್ಳೆಯ ಎನ್‌ಎ ಎಂಜಿನ್‌ಗಳು ಲೀಟರ್‌ಗೆ 90ರಿಂದ 100 ಎನ್‌ಎಂ ಕೊಡುತ್ತವೆ. ಅದರಾಚೆಗೆ ಹೋಗುವುದು ರೇಸ್ ಎಂಜಿನ್‌ಗಳ ಕೆಲಸ.

ಅದೇ 6000ದಲ್ಲಿ 120 ಬೇಕಾದರೆ ಲೀಟರ್‌ಗೆ ಸುಮಾರು 110 ಎನ್‌ಎಂ ಬೇಕು, ಅಂದರೆ ಟಾರ್ಕನ್ನು ಅಷ್ಟು ಏರಿಸಲು ಜಾಗವೇ ಇಲ್ಲ. ಉಳಿದ ದಾರಿ ಒಂದೇ, ಇದೇ ಟಾರ್ಕನ್ನು ಮೇಲಿನ ಆರ್‌ಪಿಎಂವರೆಗೆ ಬೀಳದಂತೆ ಹಿಡಿದಿಡುವುದು. ಅದೇ 101 ಎನ್‌ಎಂ 7000 ಆರ್‌ಪಿಎಂನಲ್ಲಿ ಸಿಕ್ಕರೆ 99 ಬಿಎಚ್‌ಪಿ ಆಗುತ್ತದೆ. ಸುಜುಕಿ ಮಾಡಿದ್ದೂ ಇದನ್ನೇ. ಇದೇ 1298 ಸಿಸಿಗೆ ಎರಡು ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ) ಕೊಟ್ಟು, ಹೊರದೇಶಗಳಲ್ಲಿ ಮಾರಿದ ಹಳೆ ಸ್ವಿಫ್ಟ್ ಜಿಟಿಐನಲ್ಲಿ ಸುಮಾರು 100 ಬಿಎಚ್‌ಪಿ ತೆಗೆದಿತ್ತು. ಕಾರ್ಖಾನೆಯೇ ಬೇರೆ ಹೆಡ್ (ವಾಲ್ವ್, ಕ್ಯಾಮ್ ಇರುವ ಎಂಜಿನ್‌ನ ಮೇಲ್ಭಾಗ) ಮಾಡಿ ಮುಟ್ಟಿದ ಅಂಕಿ ಅದು. ಒಂದೇ ಕ್ಯಾಮ್‌ನ ನಮ್ಮ ಎಂಜಿನ್‌ನಲ್ಲಿ, ಒಪ್ಪವಾದ ಕೆಲಸಕ್ಕೆ 95ರಿಂದ 100 ಎಂದು ನಿರೀಕ್ಷೆ ಇಟ್ಟುಕೊಳ್ಳಿ. ಗಾಡಿ ತೂಕ ಒಂಬೈನೂರು ಕೆಜಿ ಆಸುಪಾಸು, ಹಾಗಾಗಿ ಆ 10-15 ಬಿಎಚ್‌ಪಿ ಕೂತ ತಕ್ಷಣ ಗೊತ್ತಾಗುತ್ತದೆ.

ಇಪ್ಪತ್ತು ವರ್ಷದ ಗಾಡಿ. ಮೊದಲ ದುಡ್ಡು ಎಲ್ಲಿ ಹಾಕಲಿ?

ಕಳೆದುಹೋದ ಪವರನ್ನು ವಾಪಸ್ ತರುವುದಕ್ಕೆ ಹಾಕಿ. ಈ ಮಾತು ಯಾರಿಗೂ ರುಚಿಸುವುದಿಲ್ಲ, ಆದರೆ ನಾನು ಇಡೀ ಪುಟದಲ್ಲಿ ಹೇಳುವುದರಲ್ಲಿ ಇದೇ ಮುಖ್ಯ. 85 ಬಿಎಚ್‌ಪಿ ಎಂಜಿನ್ ಎರಡು ದಶಕ ಓಡಿದ ಮೇಲೆ 85 ಕೊಡುತ್ತಿರುವುದಿಲ್ಲ. ಟ್ಯಾಪೆಟ್ ಗ್ಯಾಪ್ (ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ತಪ್ಪಿರುತ್ತದೆ. ಟೈಮಿಂಗ್ ಬೆಲ್ಟ್ ಹಾಕುವಾಗ ಯಾರೋ ಒಂದು ಹಲ್ಲು ಆಚೀಚೆ ಕೂರಿಸಿರುತ್ತಾರೆ. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಡಯಾಫ್ರಂ ಹರಿದಿರುತ್ತದೆ. ಪ್ಲಗ್ ವೈರ್ ಒಳಗೇ ಲೀಕ್. ಫ್ಯೂಯಲ್ ಪಂಪ್ ಪ್ರೆಷರ್ ಇಳಿದಿರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕರಗಿ ಅರ್ಧ ದಾರಿ ಮುಚ್ಚಿರುತ್ತದೆ.

ಖರ್ಚೇ ಇಲ್ಲದ ಒಂದು ಪರೀಕ್ಷೆ ಇದೆ, ಇವತ್ತೇ ಮಾಡಿ. ಎಂಜಿನ್ ಆಫ್ ಇರಲಿ. ಏರ್ ಫಿಲ್ಟರ್‌ನಿಂದ ಬರುವ ರಬ್ಬರ್ ಪೈಪ್ ಬಿಚ್ಚಿ, ಥ್ರಾಟಲ್ ಬಾಡಿ ಒಳಗಿನ ಹಿತ್ತಾಳೆ ಬಣ್ಣದ ತಟ್ಟೆ ಕಾಣಬೇಕು. ಒಳಗೆ ಕೂತವರು ಆಕ್ಸಿಲರೇಟರ್ ಪೂರ್ತಿ ಒತ್ತಲಿ. ತಟ್ಟೆ ಗಾಳಿಗೆ ಅಡ್ಡವಾಗದೆ ನೇರಕ್ಕೆ, ಅದರ ಅಂಚು ಮಾತ್ರ ಕಾಣುವ ಹಾಗೆ ತಿರುಗಬೇಕು. ಹಳೆ ಗಾಡಿಗಳಲ್ಲಿ ಕೇಬಲ್ ಜಗ್ಗಿ ಸಡಿಲಾಗಿ, ಅಥವಾ ಪೆಡಲ್ ಕೆಳಗೆ ದಪ್ಪ ಮ್ಯಾಟ್ ಸಿಕ್ಕಿ, ತಟ್ಟೆ ಪೂರ್ತಿ ತೆರೆಯುವುದೇ ಇಲ್ಲ. ಕೇಬಲ್‌ನ ಎರಡು ನಟ್ ಸರಿ ಮಾಡಿದರೆ ಸಿಗುವ ಪವರ್‌ಗೆ ಜನ ಸಾವಿರಾರು ರೂಪಾಯಿ ಕೊಟ್ಟು ಫಿಲ್ಟರ್ ಹಾಕಿಸುತ್ತಾರೆ.

ಜೊತೆಗೆ ನಾಲ್ಕೂ ಚಕ್ರ ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಬ್ರೇಕ್ ಹಿಡಿದುಕೊಂಡಿದ್ದರೆ ಎಂಜಿನ್ ಕೊಟ್ಟದ್ದು ಅಲ್ಲೇ ಬಿಸಿಯಾಗಿ ಹೋಗುತ್ತದೆ. ಮೇಲಿನ ಗೇರ್‌ನಲ್ಲಿ ಪೂರ್ತಿ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಅಂತ ಅರ್ಥ.

ನನ್ನ ಎಂಜಿನ್ ಟ್ಯೂನಿಂಗ್ ತಡ್ಕೊಳುತ್ತಾ ಅಂತ ಹೇಗೆ ಗೊತ್ತಾಗುತ್ತೆ?

ಕಂಪ್ರೆಷನ್ ಟೆಸ್ಟ್ ಮಾಡಿಸಿ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಗಟ್ಟಿ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ಅಂಕಿ ಸುಳ್ಳು. ಈ ಸುಜುಕಿ ಎಂಜಿನ್‌ಗಳಿಗೆ ಚದರ ಸೆಂ.ಮೀ.ಗೆ 14 ಕೆಜಿ ಸರಿ, 12ಕ್ಕಿಂತ ಇಳಿಯಬಾರದು, ಸಿಲಿಂಡರ್‌ಗಳ ನಡುವೆ 1ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಬೆಂಗಳೂರಿನಂಥ ಎತ್ತರದ ಊರಲ್ಲಿ ಅಂಕಿ ಸ್ವಲ್ಪ ಕಡಿಮೆಯೇ ಬರುತ್ತದೆ, ಅದಕ್ಕೆ ಗಾಬರಿ ಬೇಡ. ವ್ಯತ್ಯಾಸ ನೋಡಿ.

ಒಂದು ಸಿಲಿಂಡರ್ ಮಾತ್ರ ಕಡಿಮೆ ಇದ್ದರೆ ಪ್ಲಗ್ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಬಿಸಿ ಎಂಜಿನ್‌ನಲ್ಲಿ ಆಯಿಲ್ ಪ್ರೆಷರನ್ನೂ ಗೇಜ್ ಹಾಕಿ ಅಳೆಸಿ. ಬೇರಿಂಗ್ ಸವೆದ ಎಂಜಿನ್‌ನ್ನು 7000ಕ್ಕೆ ತಿರುಗಿಸುವುದು ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಬರಲು ಆಹ್ವಾನ ಕೊಟ್ಟ ಹಾಗೆ.

ಮಂಗಳೂರಿಗೆ ಇಳಿದಾಗ ಗಾಡಿ ಚುರುಕಾಗುತ್ತೆ, ಬೆಂಗಳೂರಿಗೆ ವಾಪಸ್ ಬಂದ್ರೆ ಮಂಕು. ಇದು ನನ್ನ ಭ್ರಮೆನಾ?

ಭ್ರಮೆ ಅಲ್ಲ, ನಿಜ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 10 ಪರ್ಸೆಂಟ್ ಕಡಿಮೆ. ಎನ್‌ಎ ಎಂಜಿನ್‌ನ ಪವರ್ ಕೂಡ ಹೆಚ್ಚೂಕಡಿಮೆ ಅಷ್ಟೇ ಇಳಿಯುತ್ತದೆ. ಕಂಪನಿ ಹೇಳಿದ 85, ಬೆಂಗಳೂರಿನ ರಸ್ತೆಯಲ್ಲಿ 77ರ ಹತ್ತಿರ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್, ಆ ದಾರಿ ಹತ್ತುವಾಗ ಇನ್ನೂ ಬಡವಾಗುತ್ತದೆ. ಮಂಗಳೂರಿನ ಸೆಕೆ, ತೇವ ಎರಡೂ ಒಂದಿಷ್ಟು ಕಸಿದುಕೊಳ್ಳುತ್ತವೆ, ಆದರೂ ಲೆಕ್ಕದಲ್ಲಿ ಕರಾವಳಿಯೇ ಗೆಲ್ಲುತ್ತದೆ.

## ಬಿಚ್ಚದೆ ಮಾಡುವ ಕೆಲಸಗಳು

ಕೋನ್ ಫಿಲ್ಟರ್ ಹಾಕಿಸಿದೆ, ಸೌಂಡ್ ಸೂಪರ್. ಪವರ್ ಬಂತಾ?

ಬಾನೆಟ್ ಒಳಗೆ ತೆರೆದೇ ಇಟ್ಟಿದ್ದರೆ ಬಹುಶಃ ಕಳೆದುಕೊಂಡಿದ್ದೀರಿ. ಗಾಳಿ 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು 1 ಪರ್ಸೆಂಟ್ ಇಳಿಯುತ್ತದೆ. ಟ್ರಾಫಿಕ್‌ನಲ್ಲಿ ನಿಂತ ಗಾಡಿಯ ಬಾನೆಟ್ ಒಳಗೆ 60 ಡಿಗ್ರಿ ದಾಟುವುದು ಸಾಮಾನ್ಯ, ಹೊರಗೆ 30. ಲೆಕ್ಕ ನೀವೇ ಹಾಕಿ. ಕಂಪನಿ ಕೊಟ್ಟ ಫಿಲ್ಟರ್ ಡಬ್ಬಿಯ ಮೂತಿ ಹೊರಗಿನ ಗಾಳಿ ಎಳೆಯುವ ಹಾಗೆ ಇಟ್ಟಿರುವುದು ಸುಮ್ನೆ ಅಲ್ಲ.

ಡಬ್ಬಿ ಹಾಗೇ ಇರಲಿ, ಒಳಗೆ ಒಳ್ಳೆಯ ಹೊಸ ಪೇಪರ್ ಫಿಲ್ಟರ್ ಹಾಕಿ. ಡಬ್ಬಿಯ ಮೂತಿಗೆ ಹೆಡ್‌ಲೈಟ್ ಪಕ್ಕದಿಂದ ಅಗಲ ಪೈಪ್ ಕೊಡಿ. ಮಳೆನೀರು ನೇರ ಒಳಗೆ ಬಾರದ ಹಾಗೆ ಬಾಗಿಸಿ. ಮಲೆನಾಡು, ಕರಾವಳಿಯ ಮಳೆಯಲ್ಲಿ ಓಡಿಸುವವರು ಇದನ್ನು ಮರೆಯಲೇಬಾರದು. ನೀರು ಎಳೆದ ಎಂಜಿನ್‌ನ ರಾಡ್ ಬಾಗುತ್ತದೆ.

ಫ್ರೀ ಫ್ಲೋ ಸೈಲೆನ್ಸರ್ ಹಾಕಿದ್ರೆ ಎಷ್ಟು ಸಿಗುತ್ತೆ? ಬ್ಯಾಕ್ ಪ್ರೆಷರ್ ಬೇಕು ಅಂತಾರಲ್ಲ?

ಬ್ಯಾಕ್ ಪ್ರೆಷರ್ ಯಾವ ಎಂಜಿನ್‌ಗೂ ಬೇಡ. ಬೇಕಾದದ್ದು ಹೊಗೆಯ ವೇಗ. ಪೈಪ್ ಹದವಾಗಿದ್ದರೆ ಒಂದು ಸಿಲಿಂಡರ್‌ನಿಂದ ರಭಸವಾಗಿ ಹೋದ ಹೊಗೆ ಹಿಂದೆ ಒಂದು ಸೆಳೆತ ಬಿಟ್ಟು ಹೋಗುತ್ತದೆ, ಆ ಸೆಳೆತ ಮುಂದಿನ ಸಿಲಿಂಡರ್ ಖಾಲಿಯಾಗಲು ಸಹಾಯ ಮಾಡುತ್ತದೆ. ತೀರಾ ಅಗಲ ಪೈಪ್ ಹಾಕಿದರೆ ವೇಗ ಸಾಯುತ್ತದೆ, ಕೆಳಗಿನ ಆರ್‌ಪಿಎಂನ ಎಳೆತ ಹೋಗುತ್ತದೆ. ಅದನ್ನೇ ಜನ ‘ಬ್ಯಾಕ್ ಪ್ರೆಷರ್ ಕಡಿಮೆ ಆಯ್ತು’ ಅನ್ನುತ್ತಾರೆ.

ಹಿಂದಿನ ಡಬ್ಬಿ ಮಾತ್ರ ಬದಲಿಸಿದರೆ ಸಿಗುವುದು ಸದ್ದು. ಪವರ್ ಇರುವುದು ಮುಂದೆ, ನಾಲ್ಕೂ ಸಿಲಿಂಡರ್‌ನ ಹೊಗೆ ಒಟ್ಟು ಸೇರುವ ಮ್ಯಾನಿಫೋಲ್ಡ್‌ನಲ್ಲಿ. ಅದರ ಬದಲು ಹಾಕುವ ಪೈಪ್‌ಗಳ ಜೋಡಣೆಯೇ ಹೆಡರ್. ರಸ್ತೆ ಗಾಡಿಗೆ 4-2-1 ಹೆಡರ್ (ನಾಲ್ಕು ಪೈಪ್ ಎರಡಾಗಿ, ಆಮೇಲೆ ಒಂದಾಗುವುದು) ಒಳ್ಳೆಯದು, ಮಧ್ಯದ ಆರ್‌ಪಿಎಂನಲ್ಲಿ ಟಾರ್ಕ್ ಬಿಟ್ಟುಕೊಡುವುದಿಲ್ಲ. 4-1 ಹೆಡರ್ ಮೇಲಿನ ಆರ್‌ಪಿಎಂಗೆ, ಅಂದರೆ ಟ್ರ್ಯಾಕಿಗೆ. ಈ ಗಾತ್ರದ ಎಂಜಿನ್‌ಗೆ ಹಿಂದಿನ ಪೈಪ್ ಒಂದೂಮುಕ್ಕಾಲು ಇಂಚು ಸಾಕು. ವೆಲ್ಡಿಂಗ್ ಒಳಗಡೆ ಗಂಟು ಬಿಟ್ಟಿಲ್ಲ ಅಂತ ಬೆರಳು ಹಾಕಿ ನೋಡಿ ತಗೊಳ್ಳಿ.

ಇರಿಡಿಯಂ ಪ್ಲಗ್, ಟ್ಯಾಂಕಿಗೆ ಹಾಕೋ ಅಡಿಟಿವ್, ಬ್ಯಾಟರಿಗೆ ಹಾಕೋ ಗ್ರೌಂಡಿಂಗ್ ವೈರ್, ಇವುಗಳಿಂದ?

ಸರಿಯಾದ ಗ್ಯಾಪ್ ಇರುವ ಹೊಸ ಮಾಮೂಲಿ ಪ್ಲಗ್‌ಗಿಂತ ಜಾಸ್ತಿ ಏನೂ ಇಲ್ಲ. ಇರಿಡಿಯಂ ಬಹಳ ಕಾಲ ಬಾಳುತ್ತದೆ, ಅದು ಅದರ ಗುಣ.

100 ಆಕ್ಟೇನ್ ಪೆಟ್ರೋಲ್ ಹಾಕಿದ್ರೆ ಪಿಕಪ್ ಜಾಸ್ತಿ ಆಗುತ್ತಾ?

ಸ್ಟಾಕ್ ಎಂಜಿನ್‌ನಲ್ಲಿ, ಅಂದರೆ ಕಂಪನಿಯಿಂದ ಬಂದ ಹಾಗೇ ಇರುವುದರಲ್ಲಿ, ಆಗುವುದಿಲ್ಲ. ಆಕ್ಟೇನ್ ಅಂದರೆ ಪೆಟ್ರೋಲ್‌ನ ಶಕ್ತಿ ಅಲ್ಲ, ಸ್ಪಾರ್ಕ್‌ಗೆ ಮೊದಲೇ ಅಥವಾ ಒಮ್ಮೆಲೇ ಸಿಡಿಯದೆ ತಡೆದುಕೊಳ್ಳುವ ಗುಣ. ಕಂಪ್ರೆಷನ್ ಅನುಪಾತ 9 ಇರುವ (ಗಾಳಿಯನ್ನು ಒಂಬತ್ತರಲ್ಲಿ ಒಂದು ಪಾಲಿಗೆ ಒತ್ತುವ) ಹಳೆ ಎಂಜಿನ್‌ಗೆ ಪಂಪಿನ ಮಾಮೂಲಿ ಪೆಟ್ರೋಲ್ ಸಾಕು. ಕಂಪ್ರೆಷನ್ ಏರಿಸಿದ್ದರೆ, ಸ್ಪಾರ್ಕ್ ಟೈಮಿಂಗ್ ಮುಂದಕ್ಕೆ ತಂದಿದ್ದರೆ ಮಾತ್ರ ದುಬಾರಿ ಪೆಟ್ರೋಲ್‌ಗೆ ಅರ್ಥ.

ಈಗೆಲ್ಲ ಇ20. ನನ್ನದು ಕಾರ್ಬುರೇಟರ್ ಗಾಡಿ. ಏನು ಮಾಡ್ಲಿ?

ಇ20 ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಇಲ್ಲಿ ಎರಡು ವಿಷಯ ಬೇರೆ ಬೇರೆ ಇವೆ, ಕಲಸಬೇಡಿ.

ಒಂದು, ಮಿಶ್ರಣ. ಶುದ್ಧ ಪೆಟ್ರೋಲ್ 1 ಕೆಜಿ ಸುಡಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ಇ20ಗೆ ಅದು 13.5ರ ಹತ್ತಿರ ಬರುತ್ತದೆ. ನಿಮ್ಮ ಕಾರ್ಬುರೇಟರ್‌ನ ಜೆಟ್‌ಗೆ (ಪೆಟ್ರೋಲ್ ಬಿಡುವ ತೂತು) ಇದು ಗೊತ್ತಿಲ್ಲ. ಹಳೆ ಲೆಕ್ಕದಲ್ಲೇ ಬಿಡುತ್ತದೆ, ಆದ್ದರಿಂದ ಮಿಶ್ರಣ ಸುಮಾರು 8 ಪರ್ಸೆಂಟ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಚಳಿಯಲ್ಲಿ ಸ್ಟಾರ್ಟ್ ತೊಂದರೆ, ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ಮುಗ್ಗರಿಸುವುದು, ಎಂಜಿನ್ ಬಿಸಿ ಏರುವುದು, ಎಲ್ಲ ಇದರಿಂದಲೇ. ಮೇನ್ ಜೆಟ್ ಒಂದೆರಡು ಸೈಜ್ ದೊಡ್ಡದು ಹಾಕಿ, ಪೈಲಟ್ ಜೆಟ್ ಸರಿ ಮಾಡಿಸಿ. ಎಂಪಿಎಫ್‌ಐನಲ್ಲಿ ಆಕ್ಸಿಜನ್ ಸೆನ್ಸರ್ ಇದ್ದರೆ ನಿಧಾನ ಓಡಿಸುವಾಗ ತಾನೇ ಸರಿಮಾಡಿಕೊಳ್ಳುತ್ತದೆ. ಆದರೆ ಪೂರ್ತಿ ಒತ್ತಿದಾಗ ಇಸಿಯು (ಎಂಜಿನ್‌ನ ಕಂಪ್ಯೂಟರ್) ಆ ಸೆನ್ಸರ್ ಮಾತು ಕೇಳುವುದಿಲ್ಲ, ಅಲ್ಲಿ ಲೀನ್ ಉಳಿಯಬಹುದು.

ಎರಡು, ರಬ್ಬರ್. ಹಳೆ ಫ್ಯೂಯಲ್ ಪೈಪ್, ಕಾರ್ಬುರೇಟರ್ ಡಯಾಫ್ರಂ, ಓ-ರಿಂಗ್ ಎಥನಾಲ್‌ಗೆ ಊದಿ, ಬಿರುಕು ಬಿಡುತ್ತವೆ. ಎಲ್ಲ ಪೈಪನ್ನೂ ಎಥನಾಲ್ ತಡೆಯುವ ಪೈಪ್‌ಗೆ ಬದಲಿಸಿ. ಟ್ಯೂನಿಂಗ್ ಮಾತು ಆಮೇಲೆ. ಪೆಟ್ರೋಲ್ ಸೋರಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಗಾಡಿಯೇ ಉಳಿಯುವುದಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಇ20ಯ ಆಕ್ಟೇನ್ 95ರಷ್ಟಿದೆ, ಒಳಗೆ ಆವಿಯಾಗುವಾಗ ಗಾಳಿಯನ್ನು ತಂಪೂ ಮಾಡುತ್ತದೆ. ಸರಿಯಾಗಿ ಜೆಟ್ ಮಾಡಿದ, ಕಂಪ್ರೆಷನ್ ಏರಿಸಿದ ಎಂಜಿನ್‌ಗೆ ಇದು ವರವೇ. ಮೈಲೇಜ್ ಮಾತ್ರ ಇಳಿಯುತ್ತದೆ.

ನಮ್ಮ ತಾತನ ಅಂಬಾಸಿಡರ್ ಪೆಟ್ರೋಲ್ ಇದೆ. ಅದಕ್ಕೂ ಇದೆಲ್ಲ ನಡೆಯುತ್ತಾ?

1489 ಸಿಸಿಯ ಹಳೆ ಬಿಎಂಸಿ ಎಂಜಿನ್ ಆದರೆ ಮೊದಲು ವಾಲ್ವ್ ಸೀಟ್ ನೋಡಿ. ಅವುಗಳಲ್ಲಿ ಸೀಟನ್ನು ಎರಕದ ಕಬ್ಬಿಣದ ಹೆಡ್‌ನಲ್ಲೇ ಕೊರೆದಿರುತ್ತಾರೆ. ಹಿಂದೆ ಪೆಟ್ರೋಲ್‌ನಲ್ಲಿದ್ದ ಸೀಸ ಅದನ್ನು ಕಾಪಾಡುತ್ತಿತ್ತು. 2000ನೇ ಇಸವಿಯಿಂದ ಸೀಸದ ಪೆಟ್ರೋಲ್ ಇಲ್ಲ. ಗಟ್ಟಿ ಸೀಟ್ ಇನ್ಸರ್ಟ್ ಹಾಕಿಸದೆ ಜೋರಾಗಿ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಹೆಡ್‌ನೊಳಗೇ ಇಳಿಯುತ್ತಾ ಹೋಗುತ್ತದೆ, ಟ್ಯಾಪೆಟ್ ಗ್ಯಾಪ್ ಮುಚ್ಚುತ್ತದೆ.

## ಹೆಡ್ ಇಳಿಸಿದ ಮೇಲೆ

ಪೋರ್ಟಿಂಗ್ ಅಂದ್ರೆ ಪೋರ್ಟ್ ದೊಡ್ಡದು ಮಾಡಿ ಕನ್ನಡಿ ಹಾಗೆ ಪಾಲಿಶ್ ಮಾಡೋದಾ?

ಎರಡೂ ಅಲ್ಲ. ಪೋರ್ಟ್ ಅಂದರೆ ಹೆಡ್ ಒಳಗೆ ಗಾಳಿ, ಹೊಗೆ ಹೋಗುವ ದಾರಿ. ಅದು ದೊಡ್ಡದಾದರೆ ಗಾಳಿಯ ವೇಗ ಇಳಿದು ಕೆಳಗಿನ ಎಳೆತ ಹೋಗುತ್ತದೆ. ಇಂಟೇಕ್ ಪೋರ್ಟ್‌ನ್ನು ಕನ್ನಡಿ ಮಾಡಿದರೆ ಪೆಟ್ರೋಲ್ ಗೋಡೆಗೆ ಅಂಟಿ ಹನಿಯಾಗುತ್ತದೆ. ಸ್ವಲ್ಪ ತರಿತರಿ ಇರುವುದೇ ಒಳ್ಳೆಯದು. ಎಕ್ಸಾಸ್ಟ್ ಕಡೆ ನುಣ್ಣಗೆ ಮಾಡಬಹುದು, ಕಾರ್ಬನ್ ಅಂಟುವುದು ಕಡಿಮೆಯಾಗುತ್ತದೆ.

ನಿಜವಾದ ಲಾಭ ಇರುವುದು ವಾಲ್ವ್ ಸೀಟ್‌ನ ಮೇಲೆ ಕೆಳಗೆ ಒಂದೊಂದು ಸೆಂಟಿಮೀಟರ್ ಜಾಗದಲ್ಲಿ. ಸೀಟ್‌ನ್ನು ಮೂರು ಕೋನದಲ್ಲಿ ಕೊರೆಸಿ: 45 ಡಿಗ್ರಿ ವಾಲ್ವ್ ಕೂರುವ ಮುಖ, ಮೇಲೆ 30, ಕೆಳಗೆ 60. ಗಾಳಿ ಚೂಪು ಅಂಚಿಗೆ ತಾಗದೆ ತಿರುಗಿ ಒಳಗೆ ಬರುತ್ತದೆ. ಆಮೇಲೆ ಗ್ಯಾಸ್ಕೆಟ್ ಇಟ್ಟು ಮ್ಯಾನಿಫೋಲ್ಡ್‌ನ ಬಾಯಿ, ಹೆಡ್‌ನ ಬಾಯಿ ಎರಡೂ ಸಮ ಇದೆಯೇ ನೋಡಿ. ಗ್ಯಾಸ್ಕೆಟ್ ಒಳಕ್ಕೆ ಚಾಚಿಕೊಂಡಿರುವುದು ಈ ವಯಸ್ಸಿನ ಎಂಜಿನ್‌ಗಳಲ್ಲಿ ಬಹಳ ಸಾಮಾನ್ಯ. ಒಳ್ಳೆಯ ಲೇಥ್ ಅಂಗಡಿಯವರಿಗೆ ಇದು ಒಂದು ದಿನದ ಕೆಲಸ. ಹೆಡ್ ಇಳಿಸಿದ್ದೀರಿ ಅಂದರೆ ಈ ಕೆಲಸ ಬಿಡಲೇಬೇಡಿ. ಕೊಟ್ಟ ದುಡ್ಡಿಗೆ ಇದರಷ್ಟು ವಾಪಸ್ ಕೊಡುವ ಇನ್ನೊಂದು ಕೆಲಸ ಎಂಜಿನ್ ಒಳಗೆ ನನಗೆ ಗೊತ್ತಿಲ್ಲ.

ಹೆಡ್ ಫೇಸಿಂಗ್ ಮಾಡಿಸಿ ಕಂಪ್ರೆಷನ್ ಏರಿಸಬಹುದಾ? ಎಷ್ಟು ತೆಗೆಸಲಿ?

ಹೆಡ್‌ನ ಅಡಿಮುಖ ಉಜ್ಜಿ ಲೋಹ ತೆಗೆಯುವುದೇ ಫೇಸಿಂಗ್. ಅಳೆಯದೆ ಒಂದು ಕೂದಲಷ್ಟೂ ತೆಗೆಸಬೇಡಿ. ಲೆಕ್ಕ ಹೀಗಿದೆ. ಬೋರ್ 74 ಮಿ.ಮೀ., ಸ್ಟ್ರೋಕ್ 75.5, ಒಂದು ಸಿಲಿಂಡರ್‌ಗೆ 324.7 ಸಿಸಿ. ಕಂಪ್ರೆಷನ್ 9 ಅಂದರೆ ಪಿಸ್ಟನ್ ತುದಿಗೆ ಬಂದಾಗ ಉಳಿಯುವ ಜಾಗ 40.6 ಸಿಸಿ. 10 ಆಗಬೇಕಾದರೆ 36.1 ಸಿಸಿ. ಅಂದರೆ 4.5 ಸಿಸಿ ಕಡಿಮೆ ಮಾಡಬೇಕು. ಇದಕ್ಕೆ ಹೆಡ್‌ನಿಂದ ಒಂದು ಮಿಲಿಮೀಟರ್‌ಗಿಂತ ಜಾಸ್ತಿ ತೆಗೆಯಬೇಕಾಗುತ್ತದೆ. ಹಿಂದೆ ಹೀಟ್ ಆಗಿ ಒಂದೆರಡು ಸಲ ಫೇಸಿಂಗ್ ಆದ ಹೆಡ್‌ನಲ್ಲಿ ಅಷ್ಟು ಲೋಹವೇ ಉಳಿದಿರುವುದಿಲ್ಲ.

ಮೊದಲು ನಿಮ್ಮ ಹೆಡ್‌ನಲ್ಲಿ ಈಗ ಎಷ್ಟಿದೆ ಅಂತ ನೋಡಿ. ಪ್ಲಗ್ ಹಾಕಿ, ವಾಲ್ವ್ ಕೂರಿಸಿ, ಹೆಡ್ ಮಗುಚಿ ಸಮ ಇಡಿ. ಮಧ್ಯೆ ಸಣ್ಣ ತೂತು ಇರುವ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಯನ್ನು ಗ್ರೀಸ್ ಸವರಿ ಮುಚ್ಚಿ. ಮೆಡಿಕಲ್ ಶಾಪ್‌ನ ಸಿರಿಂಜ್‌ನಿಂದ ಸೀಮೆಎಣ್ಣೆಯೋ ತೆಳು ಆಯಿಲೋ ಬಿಡಿ, ತುಂಬಲು ಎಷ್ಟು ಬೇಕಾಯಿತು ಅಂತ ಬರೆದಿಡಿ. ನಾಲ್ಕೂ ಚೇಂಬರ್ ಸಮ ಇರಬೇಕು. ಗ್ಯಾಸ್ಕೆಟ್‌ನ ದಪ್ಪ, ಪಿಸ್ಟನ್ ಮೇಲಿನ ಗುಂಡಿ ಇವನ್ನೂ ಸೇರಿಸಿ ಲೆಕ್ಕ ಮಾಡಬೇಕು.

ಹೆಡ್ ಕೆಳಗೆ ಬಂದರೆ ಕ್ಯಾಮ್ ಕೂಡ ಕ್ರ್ಯಾಂಕ್‌ಗೆ ಹತ್ತಿರ ಬರುತ್ತದೆ. ಟೈಮಿಂಗ್ ಬೆಲ್ಟ್ ಅದೇ ಉದ್ದ ಇರುವುದರಿಂದ ಕ್ಯಾಮ್ ಟೈಮಿಂಗ್ ಸ್ವಲ್ಪ ಹಿಂದೆ ಬೀಳುತ್ತದೆ. ಹೊಂದಿಸುವ ಕ್ಯಾಮ್ ಪುಲ್ಲಿ ಹಾಕದೆ ಬಿಟ್ಟರೆ ಗಳಿಸಿದ್ದು ಅಲ್ಲೇ ಹೋಗುತ್ತದೆ. ಇಷ್ಟೆಲ್ಲ ಮಾಡಿ 9ರಿಂದ 10ಕ್ಕೆ ಹೋದರೆ ಲೆಕ್ಕದಲ್ಲಿ ಸಿಗುವುದು ಸುಮಾರು 3 ಪರ್ಸೆಂಟ್. ಬರೀ ಇದಕ್ಕಾಗಿ ಹೆಡ್ ಇಳಿಸುವುದು ಬೇಡ. ದೊಡ್ಡ ಕ್ಯಾಮ್ ಹಾಕುವವರಿಗೆ ಇದು ಬೇಕೇ ಬೇಕು, ಯಾಕೆಂದರೆ ದೊಡ್ಡ ಕ್ಯಾಮ್ ಕೆಳಗಿನ ಆರ್‌ಪಿಎಂನಲ್ಲಿ ಕಂಪ್ರೆಷನ್ ಸೋರಲು ಬಿಡುತ್ತದೆ.

ಕ್ಯಾಮ್ ಹಾಕ್ಸಿದ್ರೆ ಗಾಡಿ ರ‍್ಯಾಲಿ ಗಾಡಿ ಹಾಗೆ ಆಗುತ್ತಂತೆ. ದಿನಾ ಆಫೀಸಿಗೆ ಓಡಿಸಬಹುದಾ?

ಮಿತವಾದ ಕ್ಯಾಮ್ ಆದರೆ ಓಡಿಸಬಹುದು. ಕ್ಯಾಮ್ ಪವರ್ ಸೃಷ್ಟಿಸುವುದಿಲ್ಲ, ಅದನ್ನು ಮೇಲಿನ ಆರ್‌ಪಿಎಂಗೆ ಸಾಗಿಸುತ್ತದೆ. ವಾಲ್ವ್ ಜಾಸ್ತಿ ಹೊತ್ತು ತೆರೆದಿದ್ದರೆ 6500ರಲ್ಲಿ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. 2000ದಲ್ಲಿ ಅದೇ ಗಾಳಿ ವಾಪಸ್ ಇಂಟೇಕ್‌ಗೆ ತಳ್ಳಿಹೋಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಎಸಿ ಹಾಕಿಕೊಂಡು ಕ್ಲಚ್ ಬಿಡುವವರಿಗೆ ಬೇಕಾಗಿರುವುದು ಆ 2000ದ ಟಾರ್ಕ್ ಅಲ್ವಾ? ಓವರ್‌ಲ್ಯಾಪ್ (ಇಂಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು) ದೊಡ್ಡದಿದ್ದರೆ ಐಡಲ್ ಒದ್ದಾಡುತ್ತದೆ, ವ್ಯಾಕ್ಯೂಮ್ ಇಳಿದು ಬ್ರೇಕ್ ಬೂಸ್ಟರ್ ಗಟ್ಟಿಯಾಗುತ್ತದೆ, ಇಂಟೇಕ್‌ನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಗೊಂದಲಕ್ಕೆ ಬೀಳುತ್ತದೆ.

ನಮ್ಮಲ್ಲಿ ಜಾಸ್ತಿ ಸಿಗುವುದು ಹಳೆ ಕ್ಯಾಮನ್ನೇ ಗ್ರೈಂಡ್ ಮಾಡಿದ್ದು. ಅದನ್ನು ಹಾಕಿದಾಗ ಮೇಲಿನ ಗಟ್ಟಿ ಪದರ ಉಳಿದಿದೆಯೇ ಕೇಳಿ. ಪಿಸ್ಟನ್ ಮೇಲೆ ಮಕ್ಕಳ ಜೇಡಿ ಇಟ್ಟು, ಹೆಡ್ ಬಿಗಿದು, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಜೇಡಿ ಎಷ್ಟು ದಪ್ಪ ಉಳಿದಿದೆ ಅಳೆಯಿರಿ. ವಾಲ್ವ್, ಪಿಸ್ಟನ್ ನಡುವೆ ಉಳಿಯುವ ಜಾಗ ಅದು. ಇಂಟೇಕ್ ಕಡೆ ಒಂದೂವರೆ, ಎಕ್ಸಾಸ್ಟ್ ಕಡೆ ಎರಡು ಮಿ.ಮೀ. ಆದರೂ ಇರಬೇಕು. ವಾಲ್ವ್ ಸ್ಪ್ರಿಂಗ್ ಹೊಸದು ಹಾಕಿ. ಇಪ್ಪತ್ತು ವರ್ಷ ಕುಣಿದ ಸ್ಪ್ರಿಂಗ್ 7000ದಲ್ಲಿ ವಾಲ್ವ್‌ನ್ನು ಹಿಡಿಯುವುದಿಲ್ಲ.

ಹೇಗೂ ಎಂಜಿನ್ ಬಿಚ್ತಿದೀವಿ. ಓವರ್‌ಸೈಜ್ ಪಿಸ್ಟನ್ ಹಾಕಿದ್ರೆ ಸಿಸಿ ಜಾಸ್ತಿ ಆಗುತ್ತಲ್ಲ?

ಅರ್ಧ ಮಿ.ಮೀ. ಓವರ್‌ಸೈಜ್ ಹಾಕಿದರೆ 1298 ಹೋಗಿ 1316 ಆಗುತ್ತದೆ. 1.4 ಪರ್ಸೆಂಟ್. ಸವೆದ ಬೋರ್ ಸರಿಮಾಡಲು ಮಾಡಿಸಿ, ಪವರ್‌ಗಾಗಿ ಬೇಡ.

## ಇಸಿಯು, ಡೈನೊ, ನಾಕಿಂಗ್

ಹಳೆ ಮಾರುತಿಗೆ ರೀಮ್ಯಾಪ್ ಮಾಡ್ತಾರಾ?

ಈಗಿನ ಗಾಡಿಗಳ ಹಾಗೆ ಒಬಿಡಿ ಪೋರ್ಟ್‌ಗೆ ಲ್ಯಾಪ್‌ಟಾಪ್ ಚುಚ್ಚಿ ಇಸಿಯು ಒಳಗಿನ ಅಂಕಿ ಬದಲಾಯಿಸಲು ಆಗುವುದಿಲ್ಲ. ದಾರಿ ಎರಡು. ಸ್ಟಾಕ್ ಇಸಿಯು ಉಳಿಸಿಕೊಂಡು ಅದರ ಸಿಗ್ನಲ್ ತಿದ್ದುವ ಪಿಗ್ಗಿಬ್ಯಾಕ್, ಇಲ್ಲವೇ ಅದನ್ನು ತೆಗೆದು ಮೆಗಾಸ್ಕ್ವರ್ಟ್, ಸ್ಪೀಡುಯಿನೊ ತರಹದ ಸ್ಟ್ಯಾಂಡ್‌ಅಲೋನ್ ಇಸಿಯು. ಹೆಡ್, ಕ್ಯಾಮ್ ಮುಟ್ಟದ ಗಾಡಿಗೆ ಎರಡೂ ಬೇಡ. ಮುಟ್ಟಿದವರಿಗೆ ಸ್ಟ್ಯಾಂಡ್‌ಅಲೋನೇ ಸರಿ. ಪೆಟ್ರೋಲ್, ಸ್ಪಾರ್ಕ್ ಎರಡರ ಮೇಲೂ ಪೂರ್ತಿ ಹಿಡಿತ ಸಿಗುತ್ತದೆ.

ಜೊತೆಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇರಲೇಬೇಕು. ಪೂರ್ತಿ ಒತ್ತಿದಾಗ ಲ್ಯಾಂಬ್ಡಾ 0.86ರಿಂದ 0.90ರ ನಡುವೆ ಇರಲಿ (ಸಮ ಮಿಶ್ರಣಕ್ಕೆ 1, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ). ಗೇಜನ್ನು ಲ್ಯಾಂಬ್ಡಾದಲ್ಲೇ ಓದಿ. ಇ20 ಇರುವಾಗ 14.7ರ ಲೆಕ್ಕದ ಅಂಕಿ ತಲೆ ಕೆಡಿಸುತ್ತದೆ.

ಡೈನೊದಲ್ಲಿ ನನ್ನ ಗಾಡಿ 92 ತೋರಿಸ್ತು, ಸ್ನೇಹಿತನದು ಬೇರೆ ಕಡೆ 98. ಅವನ ಟ್ಯೂನಿಂಗ್ ಚೆನ್ನಾಗಿದೆಯಾ?

ಹೇಳಲಾಗದು. ಡೈನೊ ಅಂದರೆ ಪವರ್ ಅಳೆಯುವ ಯಂತ್ರ, ಎರಡು ಡೈನೊಗಳ ಅಂಕಿ ಹೋಲಿಸಬೇಡಿ. ಚಕ್ರದಲ್ಲಿ ಅಳೆದದ್ದೋ, ಅದಕ್ಕೆ ಅಂದಾಜು ಸೇರಿಸಿ ಎಂಜಿನ್‌ನದು ಅಂತ ಬರೆದದ್ದೋ ಕೇಳಿ. ಹವೆಗೆ ತಕ್ಕಂತೆ ಅಂಕಿ ತಿದ್ದುವ ಕರೆಕ್ಷನ್ ಯಾವುದು ಕೇಳಿ. ಬೆಂಗಳೂರಿನಲ್ಲಿ ಹವೆಯ ಕರೆಕ್ಷನ್ ಒಂದೇ ಸುಮಾರು 10 ಪರ್ಸೆಂಟ್ ಸೇರಿಸುತ್ತದೆ. ಕೆಲಸಕ್ಕೆ ಮೊದಲು, ಕೆಲಸದ ನಂತರ, ಅದೇ ಡೈನೊ, ಅದೇ ಗೇರ್, ಅದೇ ಟೈರ್ ಪ್ರೆಷರ್. ಆ ಎರಡರ ನಡುವಿನ ವ್ಯತ್ಯಾಸ ಮಾತ್ರ ನಿಮ್ಮದು.

ಬೆಂಗಳೂರಲ್ಲಿ ಟ್ಯೂನ್ ಮಾಡಿಸಿದ ಗಾಡಿ, ಇಲ್ಲಿ ಬೆಣ್ಣೆ ಹಾಗೆ ಓಡುತ್ತೆ. ಶಿರಾಡಿ ಘಾಟಿ ಹತ್ತುವಾಗ ಕಟ ಕಟ ಅನ್ನುತ್ತೆ. ಯಾಕೆ?

ನಾಕಿಂಗ್, ಅಂದರೆ ಪೆಟ್ರೋಲ್ ಹದವಾಗಿ ಉರಿಯದೆ ಒಮ್ಮೆಲೇ ಸಿಡಿಯುವುದು. ಆ ಸದ್ದು ಕೇಳಿದ ಕೂಡಲೇ ಕಾಲು ಎತ್ತಿ, ಗೇರ್ ಇಳಿಸಿ. ಪಿಸ್ಟನ್‌ನ ಅಂಚು, ರಿಂಗ್‌ನ ನಡುವಿನ ಗೋಡೆ ಮುರಿಯುವುದು ಹೀಗೆಯೇ.

ಕಾರಣ ಎತ್ತರದಲ್ಲಿದೆ. ಬೆಂಗಳೂರಿನಲ್ಲಿ ಪೂರ್ತಿ ಒತ್ತಿದರೂ ಇಂಟೇಕ್‌ನಲ್ಲಿ ಒತ್ತಡ ಸುಮಾರು 90 ಕಿಲೊಪ್ಯಾಸ್ಕಲ್ ದಾಟುವುದಿಲ್ಲ. ಮ್ಯಾಪ್ ಸೆನ್ಸರ್ ನೋಡಿ ಕೆಲಸ ಮಾಡುವ ಇಸಿಯುನ ಅಂಕಿ ಪಟ್ಟಿಯಲ್ಲಿ 95, 100 ಕಿಲೊಪ್ಯಾಸ್ಕಲ್‌ನ ಸಾಲುಗಳನ್ನು ಆ ಡೈನೊ ಮೇಲೆ ಎಂಜಿನ್ ಮುಟ್ಟಿಯೇ ಇರುವುದಿಲ್ಲ. ಅಲ್ಲಿರುವ ಅಂಕಿಗಳು ಯಾರೂ ಪರೀಕ್ಷಿಸದ ಊಹೆ. ನೀವು ಗುಂಡ್ಯದಿಂದ ಸಕಲೇಶಪುರದ ಕಡೆ ಹತ್ತಲು ಶುರು ಮಾಡುತ್ತೀರಿ. ಎತ್ತರ ಇನ್ನೂ ಕಡಿಮೆ, ಗಾಳಿ ದಟ್ಟ, ಸೆಕೆ, ಏರು, ಮೂರನೇ ಗೇರ್, ಪೂರ್ತಿ ಲೋಡ್. ಎಂಜಿನ್ ಮೊದಲ ಸಲ ಆ ಸಾಲುಗಳಿಗೆ ಹೋಗುವುದು ಅಲ್ಲಿ. ಡಿಸ್ಟ್ರಿಬ್ಯೂಟರ್ ಗಾಡಿಯಲ್ಲೂ ಅದೇ. ಬೆಂಗಳೂರಿನ ತೆಳು ಗಾಳಿ ತಡೆದುಕೊಂಡ ಮೂರ್ನಾಲ್ಕು ಡಿಗ್ರಿ ಸ್ಪಾರ್ಕ್ ಅಡ್ವಾನ್ಸ್‌ನ್ನು (ಸ್ಪಾರ್ಕ್ ಮೊದಲೇ ಬರುವುದು) ಕರಾವಳಿಯ ಗಾಳಿ ತಡೆಯುವುದಿಲ್ಲ. ಈ ತಲೆಮಾರಿನ ಎಷ್ಟೋ ಎಂಜಿನ್‌ಗಳಲ್ಲಿ ನಾಕ್ ಸೆನ್ಸರ್ ಇಲ್ಲ, ಕಾಪಾಡುವವರು ಯಾರೂ ಇಲ್ಲ.

ಟ್ಯೂನರ್‌ಗೆ ಮೊದಲೇ ಹೇಳಿ, ಗಾಡಿ ಘಟ್ಟ ಇಳಿಯುತ್ತದೆ ಅಂತ. ಮೇಲಿನ ಸಾಲುಗಳಲ್ಲಿ ಟೈಮಿಂಗ್ ಎರಡು ಮೂರು ಡಿಗ್ರಿ ಹಿಂದೆ, ಪೆಟ್ರೋಲ್ ಸ್ವಲ್ಪ ಜಾಸ್ತಿ ಇಡಲಿ. ಸಾಧ್ಯವಾದರೆ ಆ ಸಾಲುಗಳನ್ನು ಕರಾವಳಿಯಲ್ಲೇ, ಲಾಗ್ ಹಾಕಿಕೊಂಡು ಮುಗಿಸಿ.

## ಗೇರ್, ಆರ್‌ಟಿಒ, ಟ್ರ್ಯಾಕ್

15 ಇಂಚು ಅಲಾಯ್ ಹಾಕಿದ ಮೇಲೆ ಪಿಕಪ್ ಹೋಯ್ತು. ಎಂಜಿನ್ ಟ್ಯೂನ್ ಮಾಡ್ಬೇಕಾ?

ಬೇಡ, ಟೈರ್ ವಾಪಸ್ ಹಾಕಿ. 175/70 ಆರ್13ರ ಎತ್ತರ ಸುಮಾರು 575 ಮಿ.ಮೀ., 195/55 ಆರ್15ರದು 595. ಪ್ರತಿ ಗೇರೂ ಮೂರೂವರೆ ಪರ್ಸೆಂಟ್ ಉದ್ದ ಆಯಿತು, ಚಕ್ರದ ತೂಕವೂ ಏರಿತು. ಹೆಡ್ ಫೇಸಿಂಗ್‌ನಿಂದ ಬರುವುದಕ್ಕಿಂತ ಜಾಸ್ತಿ ಇಲ್ಲೇ ಹೋಯಿತು.

ಇಷ್ಟೆಲ್ಲ ಯಾಕೆ, ಹಳೆ ಬಲೆನೊದ 1.6 ಎಂಜಿನ್ ಕೂರಿಸಿದ್ರೆ?

ಎಂಜಿನ್ ದೃಷ್ಟಿಯಿಂದ ಒಳ್ಳೆಯ ಯೋಚನೆ. ಅದೇ ಕುಟುಂಬದ ಎಂಜಿನ್, ಸ್ಟ್ರೋಕ್ 90 ಮಿ.ಮೀ., ಸ್ಟಾಕ್‌ನಲ್ಲೇ 90ರ ಮೇಲೆ ಬಿಎಚ್‌ಪಿ, ಕೆಳಗಿನಿಂದಲೇ ಟಾರ್ಕ್. ಶಿವಾಜಿನಗರದ ಗುಜರಿಯಲ್ಲಿ, ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗಬಹುದು. ಆದರೆ ಬಿಲ್, ಎಂಜಿನ್ ನಂಬರ್‌ನ ದಾಖಲೆ ಇಲ್ಲದ್ದನ್ನು ಮುಟ್ಟಬೇಡಿ. ಕದ್ದ ಗಾಡಿಯ ಎಂಜಿನ್ ನಿಮ್ಮ ಮನೆಯಲ್ಲಿ ಸಿಕ್ಕರೆ ಉತ್ತರ ಕೊಡಬೇಕಾದವರು ನೀವು. ಕೆಲಸ ಶುರುಮಾಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಇದೆಲ್ಲ ಕಾನೂನು ಪ್ರಕಾರ ಸರಿನಾ?

ಸರ್ವಿಸ್, ಟ್ಯಾಪೆಟ್, ವಾಲ್ವ್ ಸೀಟ್, ಒಳ್ಳೆಯ ಫಿಲ್ಟರ್ ಇವು ರಿಪೇರಿ, ಯಾರೂ ಕೇಳುವುದಿಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. 182ಎ ಸೆಕ್ಷನ್‌ನಲ್ಲಿ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಹೊಗೆ, ಸದ್ದಿನ ಮಿತಿ ಮೀರಿದರೆ 190(2) ಬೇರೆ, ಅದರಲ್ಲಿ 10,000 ರೂಪಾಯಿವರೆಗೆ ದಂಡ ಇದೆ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯಬೇಡಿ. ಕಟ್ಟಿಕೊಂಡಿದ್ದರೆ ಹೊಸದು ಹಾಕಿ.

ಹಾಗಾದ್ರೆ ಈ ಪವರ್‌ನ ಎಲ್ಲಿ ಉಪಯೋಗಿಸಲಿ?

ಟ್ರ್ಯಾಕ್‌ನಲ್ಲಿ. ಬೆಂಗಳೂರಿನಿಂದ ಹೊರಟರೆ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಸ್ಪರ್ಧೆಗೆ ಇಳಿಯುವುದಾದರೆ ದೇಶದ ಮೋಟಾರ್ ಸ್ಪೋರ್ಟ್ ಸಂಸ್ಥೆ ಎಫ್‌ಎಂಎಸ್‌ಸಿಐನ ಲೈಸೆನ್ಸ್ ಬೇಕು. ಎಂಜಿನ್‌ಗೆ ಕೈ ಹಾಕುವ ಮೊದಲೇ ಆ ವಿಭಾಗದ ನಿಯಮ ಪುಸ್ತಕ ಓದಿ. ಕೆಲವು ವಿಭಾಗಗಳಲ್ಲಿ ಕ್ಯಾಮ್, ಕಂಪ್ರೆಷನ್ ಮುಟ್ಟುವಂತೆಯೇ ಇಲ್ಲ.

ಹೋಗುವ ಮೊದಲು ಬ್ರೇಕ್ ಆಯಿಲ್ ಹೊಸದು ಹಾಕಿ, ಬ್ರೇಕ್ ಪ್ಯಾಡ್ ನೋಡಿ, ರೇಡಿಯೇಟರ್ ಕ್ಲೀನ್ ಮಾಡಿಸಿ, ಎಂಜಿನ್ ಆಯಿಲ್ ಡಿಪ್‌ಸ್ಟಿಕ್‌ನ ಮೇಲಿನ ಗೆರೆಯವರೆಗೆ ಇರಲಿ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ, ಬೇರಿಂಗ್ ಹೋಗುವುದು ಆಗಲೇ. ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಸಂಪ್ ಒಳಗೆ ಅಡ್ಡ ತಗಡು ಬೆಸೆದುಕೊಂಡು ಹೋಗುವುದು ಇನ್ನೂ ಉತ್ತಮ. ಪ್ರತಿ ಐದಾರು ಲ್ಯಾಪ್‌ಗೆ ಒಂದು ಲ್ಯಾಪ್ ನಿಧಾನ ಓಡಿಸಿ, ಪಿಟ್‌ಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಹಾಕದೆ ಗೇರ್‌ನಲ್ಲಿ ನಿಲ್ಲಿಸಿ.